ದೊಡ್ಡ ಮಾವಾ, ಸಣ್ಣ ಮಾವಾ

ನೋಡಲು ಥೇಟ್ ಒಂದೇ ಥರ ಇರುವ ಎರಡು ಹುಳುಗಳನ್ನು ಬೇರೆ ಬೇರೆ ಎಂದು ಸಾಧಿಸಿ ತೋರಿಸುವುದು ನನ್ನ ಹೊಟ್ಟೆಪಾಡು. ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಉಳಿದ ಹೊತ್ತಿನಲ್ಲಿ ಬೆಳೆಯ ರಸ ಹೀರುವ ಹುಳುಗಳ ಮೀಸೆ, ಕಾಲು, ಬಾಲಗಳನ್ನು ಅಳೆಯುತ್ತ ಕೂಡುತ್ತೇನೆ. ಇದನ್ನು ಹೊಸಬರಿಗೆ ಹೇಳುವಾಗ ನನಗೆ ಇಂದಿಗೂ ಒಂದು ಬಗೆಯ ಸಂಕೋಚ. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಇದಕ್ಕೆ ಸರಕಾರ ಪಗಾರ ಕೊಡುತ್ತದೆಯೇ ಎಂದು ವಿಚಾರಿಸುತ್ತಾರೆ, ಕೊನೆಗೆ ತಮ್ಮ ಮನೆಯ ಕುಂಡದಲ್ಲಿನ ದಾಸವಾಳಕ್ಕೆ ಏನು ಹೊಡೆಯಬೇಕು ಎಂದು ಕೇಳುತ್ತಾರೆ. ನನ್ನ ಹೆಂಡತಿ ಸುನಂದಾಳ ಅಭಿಪ್ರಾಯ ಇನ್ನೂ ಸರಳ. ಎರಡು ಒಂದೇ ಥರ ಇದ್ದರೆ ಒಂದೇ ಎಂದುಕೊಂಡು ಸುಮ್ಮನಿರಬಾರದೇ, ಯಾರ ಗಂಟು ಹೋಗುತ್ತದೆ ಎಂದು ಅವಳು ಕೇಳುತ್ತಾಳೆ. ಜೀರಿಗೆ ಡಬ್ಬಿ ಕೊಡಿ ಎಂದರೆ ಬಡೇಸೋಪಿನ ಡಬ್ಬಿ ಕೊಡುವ ಮನುಷ್ಯ ಜಗತ್ತಿನ ಹುಳುಗಳ ಭೇದ ಹೇಳುತ್ತಾನಲ್ಲ ಎಂಬುದು ಅವಳ ಖಾಯಂ ಆಶ್ಚರ್ಯ. ಒಂದು ಸಲ ನಾನು ಬಾಜಾರದಿಂದ ಬೇರೆ ಯಾರದೋ ಸ್ಕೂಟರ್ ಮೇಲೆ ಮನೆಗೆ ಬಂದದ್ದನ್ನೂ ಅವಳು ಬಂದವರಿಗೆಲ್ಲ ಹೇಳಿದ್ದಾಳೆ. ನನ್ನ ಕೀಲಿ ಅದಕ್ಕೆ ಹತ್ತಿತು, ಅದು ಶುರುವೂ ಆಯಿತು. ಇನ್ನು ನಾನು ಅನುಮಾನ ಪಡಲು ಕಾರಣವೇನಿತ್ತು ಎಂದು ಯಾರೂ ಯೋಚಿಸುವುದಿಲ್ಲ.

ಈ ಪೀಠಿಕೆ ಏಕೆಂದರೆ, ಹೋದ ಚಳಿಗಾಲದಲ್ಲಿ ನನ್ನ ಈ ವಿದ್ಯೆ ನೇರವಾಗಿ ನನ್ನ ಹೆಂಡತಿಯ ತವರಿನ ಅಂಗಳಕ್ಕೇ ಹೋಗಿ ಬಿತ್ತು. ಅದಕ್ಕೆ ಮೂಲ ಕಾರಣ ಹುಳುವೂ ಅಲ್ಲ, ತವರಿನವರೂ ಅಲ್ಲ, ಒಂದು ಶಬ್ದ. ಆ ಶಬ್ದ ಮಾವಾ. ಬೇರೆ ಸೀಮೆಯ ಕನ್ನಡಿಗರಿಗೆ ಮಾವ ಎಂದರೆ ಹೆಂಡತಿಯ ತಂದೆ, ಹೆಚ್ಚೆಂದರೆ ಸೋದರಮಾವ; ಅಲ್ಲಿಗೆ ಮುಗಿಯಿತು. ನಮ್ಮ ಸೊಲ್ಲಾಪುರ-ಅಕ್ಕಲಕೋಟೆಯ ಕಡೆ ಅಷ್ಟು ಸುಲಭವಿಲ್ಲ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಬಾಜಾರದಲ್ಲಿ ಎರಡೂ ಕೂಡಿ ಮೂರನೆಯದೊಂದು ಮಾತನಾಡುವವರು ನಾವು. ಪಾನಪಟ್ಟಿ ಅಂಗಡಿಯಲ್ಲಿ ಮಾವಾ ಎಂದರೆ ಅಡಿಕೆ, ತಂಬಾಕು, ಸುಣ್ಣ ಹಾಕಿ ತಿಕ್ಕಿದ ಪೊಟ್ಟಣ. ಮಿಠಾಯಿ ಅಂಗಡಿಯಲ್ಲಿ ಅದೇ ಮಾವಾ ಪೇಢೆಗೆ ಹಾಕುವ ಖೋವಾ. ಹೊಲಕ್ಕೆ ಹೋದರೆ ಅದೇ ಶಬ್ದ ಮರಾಠಿಯಲ್ಲಿ ಎಲೆಯ ಕೆಳಗೆ ಕೂತು ರಸ ಹೀರುವ ಹೇನಿನಂಥ ಹುಳು. ಹೀಗಾಗಿ ನಮ್ಮ ಕಡೆ ಒಬ್ಬನೇ ಮನುಷ್ಯ ಬೆಳಿಗ್ಗೆ ಮಾವಾ ಜಗಿದು, ಮಧ್ಯಾಹ್ನ ಮಾವಾಕ್ಕೆ ಔಷಧ ಹೊಡೆದು, ಸಂಜೆ ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಬಹುದು. ಯಾರೂ ತಪ್ಪು ತಿಳಿಯುವುದಿಲ್ಲ, ಸಂದರ್ಭ ಎಲ್ಲವನ್ನೂ ಸಂಭಾಳಿಸುತ್ತದೆ ಎಂದು ನಾನು ನಂಬಿದ್ದೆ.

ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಮೈಂದರ್ಗಿಯಿಂದ ಬಂದ ಒಂದು ಫೋನಿನಿಂದ. ಮೈಂದರ್ಗಿ ನನ್ನ ಹೆಂಡತಿಯ ತವರು, ಅಕ್ಕಲಕೋಟೆಯಿಂದ ಬಸ್ಸಿನಲ್ಲಿ ಹೋಗಬೇಕು. ಫೋನು ಮಾಡಿದವನು ಅವಳ ತಮ್ಮ ಪ್ರಶಾಂತ. ಅವನು ಕಲಿತದ್ದೆಲ್ಲ ಮರಾಠಿ ಸಾಲೆಯಲ್ಲಿ. ಮಾತನಾಡುವುದು ಕನ್ನಡವೇ ಆದರೂ ಅದರ ಒಳಗಿನ ವ್ಯಾಕರಣ ಆಗಾಗ ಮರಾಠಿಯದಾಗಿರುತ್ತದೆ. ಮರಾಠಿಯಲ್ಲಿ ಆ ಹುಳು ಪುಲ್ಲಿಂಗ. ಅವನು ಅದನ್ನು ಹಾಗೇ ಎತ್ತಿ ಕನ್ನಡಕ್ಕೆ ಇಟ್ಟ.

"ದಾಜಿ, ಮಾವಾ ಬಿದ್ದಾನ್ರಿ," ಎಂದ. ಅಕ್ಕನ ಗಂಡನಿಗೆ ಅಲ್ಲಿ ದಾಜಿ ಎನ್ನುತ್ತಾರೆ.

ಅವನಿಗೆ ಅಪ್ಪ, ನನಗೆ ಮಾವ. ನನಗೆ ತಿಳಿಯಲೆಂದು ಹಾಗೆ ಹೇಳಿರಬೇಕು ಎಂದುಕೊಂಡೆ. ನನ್ನ ಮಾವ ಗುರಲಿಂಗಪ್ಪನವರಿಗೆ ವಯಸ್ಸಾಗಿದೆ, ಹೊಲದ ಬದುವಿನ ಮೇಲೆ ಈಗಲೂ ಹುಡುಗರ ಹಾಗೆ ಓಡಾಡುತ್ತಾರೆ. ಎಲ್ಲಿ ಬಿದ್ದರು ಎಂದು ಕೇಳಿದೆ. ಹೊಲದಲ್ಲಿ ಎಂದ. ಹೊಲದಲ್ಲಿ ಎಲ್ಲಿ ಎಂದೆ. "ಬದುವಿನಿಂದ ಹಿಡದು ಬಾವಿ ತನಕಾ ಬಿದ್ದಾನ್ರಿ," ಎಂದ. ಒಬ್ಬ ಮನುಷ್ಯ ಅಷ್ಟು ಉದ್ದಕ್ಕೆ ಬೀಳುವುದು ಹೇಗೆ ಎಂದು ತಿಳಿಯದೆ, ಪೆಟ್ಟು ಬಹಳ ಆಗಿದೆಯೇ ಎಂದು ಕೇಳಿದೆ. "ಅವಗೇನ್ ಪೆಟ್ಟರಿ? ಔಷಧ ಹೊಡದ್ರೂ ಸಾಯವಲ್ಲ," ಎಂದು ಬೇಸರದಿಂದ ಹೇಳಿದ. ಪಕ್ಕದಲ್ಲಿದ್ದ ಸುನಂದಾ ನನ್ನ ಮುಖ ನೋಡಿ ಅಳಲು ತಯಾರಾಗಿದ್ದಳು. ಜೋಳಕ್ಕೆ ಹೇನು ಬಿದ್ದಿದೆ ಎಂಬ ಸಾದಾ ಸಂಗತಿ ಹೊರಬೀಳುವ ಹೊತ್ತಿಗೆ ನಾನು ಊರಿಗೆ ಹೋಗುವ ಬಸ್ಸಿನ ವೇಳೆ ಕೂಡ ಯೋಚಿಸಿ ಆಗಿತ್ತು.

ಆ ಹುಳುವಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು, ನನಗೆ ಬರುವುದೂ ಅದೊಂದೇ. ಸಾಸಿವೆಗಿಂತ ಚಿಕ್ಕದು, ಮೆತ್ತಗೆ, ತಿಳಿಹಳದಿ ಬಣ್ಣ. ಜೋಳದ ಎಲೆಯ ಕೆಳಗೆ ಒತ್ತೊತ್ತಾಗಿ ಕೂಡುತ್ತದೆ, ರಸ ಹೀರುತ್ತದೆ, ಹೀರಿದ್ದು ಹೆಚ್ಚಾಗಿ ಹಿಂದಿನಿಂದ ಸಿಹಿ ಅಂಟು ಸುರಿಸುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಹಬ್ಬಿ, ಮೇವಿನ ಕಣಿಕೆಯನ್ನು ದನ ಕೂಡ ಮೂಸಿ ಬಿಟ್ಟುಬಿಡುತ್ತದೆ. ಇದರ ಸಂಸಾರದ ರೀತಿ ಇನ್ನೂ ವಿಚಿತ್ರ. ನಮ್ಮ ಹೊಲದಲ್ಲಿ ಸಿಕ್ಕುವವೆಲ್ಲ ಹೆಣ್ಣು. ಗಂಡಿನ ಗೊಡವೆಯೇ ಇಲ್ಲದೆ ಅವು ನೇರವಾಗಿ ಮರಿ ಹಾಕುತ್ತವೆ. ಆ ಮರಿಗಳ ಹೊಟ್ಟೆಯಲ್ಲಿ ಆಗಲೇ ಮೊಮ್ಮಕ್ಕಳು ತಯಾರಾಗುತ್ತಿರುತ್ತವೆ. ಅಂದರೆ ಅಲ್ಲಿ ತಾಯಿ ಇದ್ದಾಳೆ, ಅಜ್ಜಿ ಇದ್ದಾಳೆ, ಮುತ್ತಜ್ಜಿ ಇದ್ದಾಳೆ, ತಂದೆ ಎಂಬುವನು ಮಾತ್ರ ಇಲ್ಲ. ತಂದೆಯೇ ಇಲ್ಲದ ವಂಶಕ್ಕೆ ಮಾವಾ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ ತಿಳಿಯದು. ಇನ್ನೊಂದು ತೊಡಕೆಂದರೆ, ಜೋಳದ ಮೇಲೆ ಇರುವ ಈ ಹುಳುವೂ ಕಬ್ಬಿನ ಮೇಲೆ ಇರುವ ಇಂಥದೇ ಹುಳುವೂ ಒಂದೇ ಎಂದು ತಿಳಿದವರು ಬಹಳ ಕಾಲ ನಂಬಿದ್ದರು. ಈಚೆಗೆ, ಅಲ್ಲ, ಇವು ಎರಡು ಎಂಬ ಮಾತು ಎದ್ದಿದೆ. ನಾನು ಅಳೆಯುತ್ತ ಕೂತದ್ದೂ ಅದನ್ನೇ.

ಮೈಂದರ್ಗಿಯಲ್ಲಿ ಈ ಪ್ರಶ್ನೆಗೆ ಉತ್ತರ ಆಗಲೇ ಸಿದ್ಧವಾಗಿತ್ತು. ನನ್ನ ಮಾವನಿಗೆ ಒಬ್ಬ ತಮ್ಮ, ಮಲ್ಲಿನಾಥಪ್ಪ. ನಾನು ಅವರನ್ನು ಸಣ್ಣ ಮಾವ ಎಂದೂ, ನನ್ನ ಮಾವನನ್ನು ದೊಡ್ಡ ಮಾವ ಎಂದೂ ಕರೆಯುತ್ತೇನೆ. ಒಂದೇ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿಕೊಂಡಿದ್ದಾರೆ, ಗೋಡೆಯಲ್ಲಿ ಒಂದು ಬಾಗಿಲು. ಒಂದೇ ಹೊಲದ ನಡುವೆ ಬದು ಹಾಕಿ ಎರಡು ಮಾಡಿಕೊಂಡಿದ್ದಾರೆ. ಬದುವಿನ ಈಚೆ ದೊಡ್ಡ ಮಾವ ಜೋಳ ಬಿತ್ತುತ್ತಾರೆ, ಅದೂ ಬಾಯಲ್ಲಿ ಇಟ್ಟರೆ ಹಾಲಿನ ಹಾಗೆ ಕರಗುವ ರೊಟ್ಟಿಯ ಜೋಳ. ಆಚೆ ಸಣ್ಣ ಮಾವನ ಬೋರಿಗೆ ನೀರು ಹತ್ತಿ, ಅವರು ಕಬ್ಬು ಹಚ್ಚಿದರು. ಕಬ್ಬು ಹಚ್ಚುವುದು ದೊಡ್ಡ ಮಾವನ ದೃಷ್ಟಿಯಲ್ಲಿ ರೈತನ ಕೆಲಸವಲ್ಲ, ಡೌಲು. ಜೋಳಕ್ಕೆ ಹುಳು ಬಿದ್ದ ದಿನವೇ ಅವರು ಬದುವಿನ ಮೇಲೆ ನಿಂತು, ಇದು ಆ ಕಬ್ಬಿನಿಂದ ಬಂದದ್ದು ಎಂದು ತೀರ್ಪು ಕೊಟ್ಟರು. ಸಣ್ಣ ಮಾವ, ನನ್ನ ಕಬ್ಬಿನ ಹುಳು ನನ್ನ ಕಬ್ಬಿನಲ್ಲೇ ಇದೆ, ಎಣಿಸಿಕೊಂಡು ಹೋಗಲಿ ಎಂದರು. ಗೋಡೆಯ ನಡುವಿನ ಬಾಗಿಲಿಗೆ ಎರಡೂ ಕಡೆಯಿಂದ ಅಗಳಿ ಬಿತ್ತು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಇಡೀ ಮನೆತನ ಒಂದೇ ಗಿಡದ ಕೆಳಗೆ ಕೂತು ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವ ಪದ್ಧತಿ. ಈ ಸಲ ಬದುವಿನ ಈಚೆ ಒಂದು ಬುತ್ತಿ, ಆಚೆ ಒಂದು ಬುತ್ತಿ. ಸುನಂದಾ ಎರಡೂ ಕಡೆ ಉಂಡು ಬಂದಳು.

ಇಷ್ಟೇ ಆಗಿದ್ದರೆ ಹಂಗಾಮು ಮುಗಿದ ಮೇಲೆ ತಾನಾಗಿ ತಣ್ಣಗಾಗುತ್ತಿತ್ತೇನೋ. ಆದರೆ ಸಣ್ಣ ಮಾವನ ಮಗಳು ಅಶ್ವಿನಿಗೆ ಅಕ್ಕಲಕೋಟೆಯ ಒಂದು ಒಳ್ಳೆಯ ಮನೆತನದಿಂದ ವರ ಬಂದಿತ್ತು. ಸಂಕ್ರಾಂತಿ ಮುಗಿದ ಮೇಲೆ ಗಂಡಿನ ಕಡೆಯವರು ಬೈಠಕ್ಕಿಗೆ, ಅಂದರೆ ಮದುವೆಯ ಮಾತುಕತೆಗೆ ಬರುವವರಿದ್ದರು. ಮನೆಯ ಹಿರಿಯ ಇಲ್ಲದೆ ಬೈಠಕ್ ಹೇಗೆ ಕೂಡುವುದು? ಗೋಡೆಯ ಆಚೆ ಹಿರಿಯಣ್ಣ ಇದ್ದೂ ಬರಲಿಲ್ಲವೆಂದರೆ, ಈ ಮನೆಯಲ್ಲಿ ಏನೋ ಇದೆ ಎಂದು ಬಂದವರು ಚಹ ಕುಡಿದು ಎದ್ದು ಹೋಗುತ್ತಾರೆ. ದೊಡ್ಡ ಮಾವ ಒಂದೇ ಮಾತಿಗೆ ಅಂಟಿಕೊಂಡು ಕೂತರು: ಹುಳು ತನ್ನ ಕಬ್ಬಿನಿಂದ ಬಂತು ಎಂದು ತಮ್ಮ ಒಪ್ಪಲಿ, ಬರುತ್ತೇನೆ. ಸಣ್ಣ ಮಾವನದೂ ಒಂದೇ ಮಾತು: ಮಗಳ ಮದುವೆಗಾಗಿ ಸುಳ್ಳು ಒಪ್ಪಲಾರೆ. ನಡುವೆ ಅಶ್ವಿನಿ ಸುನಂದಾಳಿಗೆ ಫೋನು ಮಾಡಿ, ದೊಡ್ಡಪ್ಪ ಬರದಿದ್ದರೆ ತಾನು ಸೀರೆಯನ್ನೇ ಉಡುವುದಿಲ್ಲ ಎಂದು ಅತ್ತಳು. ಆ ಹುಡುಗಿ ನಡೆಯಲು ಕಲಿತದ್ದೇ ದೊಡ್ಡಪ್ಪನ ಬೆರಳು ಹಿಡಿದು. ಸುನಂದಾ ಫೋನು ಇಟ್ಟು ನನ್ನ ಎದುರು ಬಂದು ನಿಂತಳು.

"ಇಷ್ಟ ವರ್ಷ ಹುಳದ ಮೀಸಿ ಅಳದೀರಿ," ಎಂದಳು. "ಈಗ ನಮ್ಮ ಮನಿ ಸಲುವಾಗಿ ಒಮ್ಮೆ ಅಳೀರಿ. ಎರಡೂ ಒಂದೋ ಬ್ಯಾರೆನೋ ಹೇಳ್ರಿ, ಮುಗೀಲಿ."

ನನ್ನ ಸಂಶೋಧನೆಯ ಬಗ್ಗೆ ಈ ಮನೆಯಲ್ಲಿ ಯಾರಾದರೂ ಆಸಕ್ತಿ ತೋರಿಸಿದ್ದು ಅದೇ ಮೊದಲು. ನಾನು ಹಿಗ್ಗಿ ಹೋದೆ. ದೊಡ್ಡ ಮಾವ ಕೂಡ ಅಳಿಯ ನೋಡಿ ಹೇಳಿದರೆ ಕೇಳುತ್ತೇನೆ ಎಂದು ಒಪ್ಪಿದರು. ಎರಡೂ ಹುಳು ಬೇರೆ ಎಂದಾದರೆ ತಮ್ಮನ ಮೇಲಿನ ಅಪವಾದ ಹೋಯಿತು, ಬೈಠಕ್ಕಿಗೆ ಬರಲು ಅಡ್ಡಿಯಿಲ್ಲ ಎಂದರು. ಒಂದೇ ಎಂದಾದರೆ ಏನು ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಮುಂದಿನ ರವಿವಾರ ನಾನು ಶೀಸೆಗಳನ್ನು ಚೀಲದಲ್ಲಿ ಹಾಕಿಕೊಂಡು ಮೈಂದರ್ಗಿಗೆ ಹೋದೆ. ಅಳಿಯ ಹುಳು ಹಿಡಿಯಲು ಬಂದರೂ ಅಳಿಯನೇ ಆದ್ದರಿಂದ ಎರಡೂ ಮನೆಯಲ್ಲಿ ಉಣ್ಣಬೇಕಾಯಿತು. ಈಚೆ ಶೇಂಗಾದ ಹೋಳಿಗೆ, ಆಚೆಯೂ ಶೇಂಗಾದ ಹೋಳಿಗೆ. ಈಚೆ ದೊಡ್ಡ ಮಾವ ಮಾತಿಗೆ ಮೊದಲು ಒಮ್ಮೆ ಕೆಮ್ಮಿ, ಟೊಪ್ಪಿಗೆ ಸರಿ ಮಾಡಿಕೊಂಡು, ತಮ್ಮನ ಹಟದ ಬಗ್ಗೆ ಹೇಳಿದರು. ಆಚೆ ಸಣ್ಣ ಮಾವ ಹಾಗೆಯೇ ಒಮ್ಮೆ ಕೆಮ್ಮಿ, ಹಾಗೆಯೇ ಟೊಪ್ಪಿಗೆ ಸರಿ ಮಾಡಿಕೊಂಡು, ಅಣ್ಣನ ಹಟದ ಬಗ್ಗೆ ಹೇಳಿದರು. ಇಬ್ಬರೂ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಲು ಒತ್ತಾಯ ಮಾಡಿದ ರೀತಿಯೂ ಒಂದೇ. ಹೊಟ್ಟೆ ಹಿಡಿದುಕೊಂಡು ಬದುವಿನ ಈಚೆ ಜೋಳದ ಎಲೆಯಿಂದ ಒಂದಿಷ್ಟು ಹುಳು, ಆಚೆ ಕಬ್ಬಿನ ಎಲೆಯಿಂದ ಒಂದಿಷ್ಟು ಹುಳು ಕುಂಚದಿಂದ ಎತ್ತಿ ಸ್ಪಿರಿಟ್ಟಿನ ಶೀಸೆಗಳಲ್ಲಿ ಹಾಕಿದೆ. ಶೀಸೆಯ ಒಳಗೆ ಪೆನ್ಸಿಲ್ಲಿನಿಂದ ಬರೆದ ಚೀಟಿ ಹಾಕುವುದು ನಮ್ಮ ರೂಢಿ, ಶಾಯಿ ಆದರೆ ಕದಡಿಹೋಗುತ್ತದೆ. ಇಲ್ಲಿ ನಾನು ಜಾಣತನ ತೋರಿಸಿದೆ. ಜೋಳ, ಕಬ್ಬು ಎಂದು ಬರೆದರೆ ನೋಡುವವರ ಮನಸ್ಸಿನಲ್ಲಿ ಮೊದಲೇ ಒಂದು ಉತ್ತರ ಕೂತುಬಿಡುತ್ತದೆ, ಪರೀಕ್ಷೆ ನಿಷ್ಪಕ್ಷಪಾತವಾಗಿರಬೇಕು. ಆದ್ದರಿಂದ ಹೊಲದ ಮಾಲೀಕರ ಹೆಸರಿನಲ್ಲಿ ಗುರುತು ಹಾಕಿದೆ. ಡಿಎನ್‌ಎ ಪರೀಕ್ಷೆಗೆ ಕಳಿಸಬೇಕಾದ ಪುಣೆಯ ಪ್ರಯೋಗಾಲಯದಲ್ಲಿ ಕನ್ನಡ ಓದುವವರಿಲ್ಲ ಎಂದು ಮರಾಠಿಯಲ್ಲಿ ಬರೆದೆ: ಮೋಠಾ ಮಾವಾ, ಲಹಾನ ಮಾವಾ. ದೊಡ್ಡ ಮಾವ, ಸಣ್ಣ ಮಾವ.

ಪುಣೆಯ ಪ್ರಯೋಗಾಲಯದ ಹುಡುಗಿ ಬಹಳ ಶ್ರದ್ಧೆಯವಳು, ಅದರಲ್ಲಿ ಎರಡು ಮಾತಿಲ್ಲ. ಹೆಂಡತಿಯ ತಂದೆಗೆ ಮಾವ ಎನ್ನುವ ಭಾಷೆಯೊಂದು ಇದೆ ಎಂಬುದು ಅವಳಿಗೆ ಗೊತ್ತಿಲ್ಲದಿದ್ದರೆ ಅದು ಅವಳ ತಪ್ಪಲ್ಲ. ಚೀಟಿ ಓದಿ, ಒಂದು ಶೀಸೆಯಲ್ಲಿ ದೊಡ್ಡ ಹುಳು, ಇನ್ನೊಂದರಲ್ಲಿ ಅದರದೇ ಸಣ್ಣ ಮರಿ ಎಂದು ತಿಳಿದಳು. ಮಾಲು ಕಡಿಮೆ ಇದೆ, ಹೇಗೂ ತಾಯಿ-ಮಕ್ಕಳೇ ತಾನೆ ಎಂದು ಎರಡನ್ನೂ ಕೂಡಿಸಿ ಅರೆದುಬಿಟ್ಟಳು. ಕೆಲವು ದಿನಗಳ ನಂತರ ಫೋನು ಮಾಡಿ, ಸರ್, ಈ ಹುಳುವಿನ ಡಿಎನ್‌ಎ ಓದಲು ಬರುತ್ತಿಲ್ಲ, ಒಂದೇ ಜಾಗದಲ್ಲಿ ಎರಡೆರಡು ಅಕ್ಷರ ಕಾಣುತ್ತಿವೆ, ಇದು ಯಾವ ಹೊಸ ಜಾತಿ ಎಂದು ಉತ್ಸಾಹದಿಂದ ಕೇಳಿದಳು. ತಿಂಗಳುಗಟ್ಟಲೆ ಮಾತು ಬಿಟ್ಟ ಇಬ್ಬರು ಮಾವಂದಿರನ್ನು ಯಾರೂ ಕೂಡಿಸಲಾರದೆ ಹೋಗಿದ್ದರು. ಪುಣೆಯಲ್ಲಿ ಒಬ್ಬ ಹುಡುಗಿ ಒಂದೇ ನಳಿಕೆಯಲ್ಲಿ ಕೂಡಿಸಿದ್ದಳು. ನನ್ನ ಹತ್ತಿರ ಉಳಿದಿದ್ದ ಹುಳುಗಳನ್ನು ಮತ್ತೆ ಕಳಿಸಿ, ದಯವಿಟ್ಟು ಒಂದೊಂದನ್ನೇ ಬೇರೆ ಬೇರೆ ಓದಿ ಎಂದು ಬೇಡಿಕೊಂಡೆ.

ಆ ಹೊತ್ತಿಗೆ ನಾನು ಸೊಲ್ಲಾಪುರದಲ್ಲಿ ಸೂಕ್ಷ್ಮದರ್ಶಕದ ಎದುರು ಕೂತೆ. ಹುಳುವನ್ನು ಕ್ಷಾರದಲ್ಲಿ ಬೆಚ್ಚಗೆ ಮಾಡಿದರೆ ಒಳಗಿನದೆಲ್ಲ ಕರಗಿ, ಚರ್ಮ ಮಾತ್ರ ಗಾಜಿನ ಹಾಗೆ ಉಳಿಯುತ್ತದೆ. ಅದನ್ನು ಗಾಜಿನ ಪಟ್ಟಿಯ ಮೇಲೆ ಅಂಗಾತ ಮಲಗಿಸಿ, ಸೂಜಿಯಿಂದ ಮೀಸೆ, ಕಾಲು ಬಿಡಿಸಿ ಅಳೆಯಬೇಕು. ಮೀಸೆಯ ಕೊನೆಯ ಗೆಣ್ಣಿನ ಸಪೂರ ತುದಿ ಎಷ್ಟು ಉದ್ದ, ಹಿಂಬದಿಯ ಎರಡು ಪುಟ್ಟ ಕೊಳವೆಗಳು ಎಷ್ಟು ಉದ್ದ, ಒಂದಕ್ಕೆ ಇನ್ನೊಂದು ಯಾವ ಪ್ರಮಾಣದಲ್ಲಿದೆ ಎಂದು ನೋಡುವುದು. ಒಂದು ಹುಳುವನ್ನು ನೋಡಿ ಏನೂ ಹೇಳಲಾಗದು. ಬಿಸಿಲು, ಮೇವು ಹೆಚ್ಚುಕಡಿಮೆಯಾದರೆ ಅವುಗಳ ಮೈಕಟ್ಟೂ ಹೆಚ್ಚುಕಡಿಮೆಯಾಗುತ್ತದೆ. ಬಹಳಷ್ಟನ್ನು ಅಳೆದ ಮೇಲೆ ಮೆಲ್ಲಗೆ ಎರಡು ಗುಂಪು ಬೇರೆಯಾಗುತ್ತ ಬರುತ್ತವೆ. ನನ್ನ ಶೀಸೆಗಳೂ ಹಾಗೇ ಬೇರೆಯಾದವು. ಈ ಕೆಲಸದ ದಿನಗಳಲ್ಲಿ ನನಗೊಂದು ಅಭ್ಯಾಸ ಅಂಟಿಕೊಂಡಿತು. ಹುಳುಗಳನ್ನು ಮನಸ್ಸಿನಲ್ಲೇ ದೊಡ್ಡ ಮಾವ, ಸಣ್ಣ ಮಾವ ಎಂದು ಕರೆಯುತ್ತಿದ್ದೆ. ಮಾವ ಎಂಬ ಶಬ್ದ ಹುಟ್ಟಾ ನನ್ನ ಬಾಯಿಂದ ಏಕವಚನದಲ್ಲಿ ಹೊರಟದ್ದಲ್ಲ. ಹೀಗಾಗಿ ದೊಡ್ಡ ಮಾವನವರು ಮೀಸೆ ಉದ್ದ ಬಿಟ್ಟಿದ್ದಾರೆ, ಸಣ್ಣ ಮಾವನವರು ಗಾಜಿಗೆ ಅಂಟಿಕೊಂಡಿದ್ದಾರೆ ಎಂದೆಲ್ಲ ಬಹುವಚನದಲ್ಲೇ ಗೊಣಗಿಕೊಳ್ಳುತ್ತಿದ್ದೆ. ಪ್ರಯೋಗಶಾಲೆಯಲ್ಲಿ ಕೇಳುವವರು ಯಾರಿದ್ದರು?

ಬೈಠಕ್ಕಿನ ದಿನ ಬಂತು. ನನಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ, ಬಿಟ್ಟು ಹೋಗುವ ಹಾಗಿರಲಿಲ್ಲ. ಸುನಂದಾ ಹಿಂದಿನ ದಿನವೇ ಹೋಗಿದ್ದಳು. ಪುಣೆಯ ಉತ್ತರ ಇನ್ನೂ ಬಂದಿರಲಿಲ್ಲ, ಬರೀ ಮೀಸೆ ನೋಡಿ ಹೇಳಿದರೆ ದೊಡ್ಡ ಮಾವ ಕೇಳುವವರಲ್ಲ. ಬೀಗರು ಬಂದರು, ಜಮಖಾನದ ಮೇಲೆ ಕೂತರು, ಅವಲಕ್ಕಿಯ ಪೋಹೆ ತಿಂದರು, ಚಹ ಕುಡಿದರು. ಹಿರಿಯರು ಎಲ್ಲಿ ಎಂದು ಗಂಡಿನ ತಂದೆ ಕೇಳಿದಾಗ, ಬರುತ್ತಾರೆ, ಮೈಯಲ್ಲಿ ಅಷ್ಟು ಆರಾಮಿಲ್ಲ ಎಂದು ಹೇಳಿದ್ದಾಯಿತು. ಹಿರಿಯರು ಗೋಡೆಯ ಆಚೆ ಮಡಿ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು, ನಡುವಿನ ಬಾಗಿಲಿಗೆ ಕಿವಿ ಕೊಟ್ಟು ಕೂತಿದ್ದರು. ಅಶ್ವಿನಿ ಒಳಗೆ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಗೋಡೆಯ ಎರಡೂ ಕಡೆಯವರು ನನ್ನ ಫೋನಿನ ದಾರಿ ಕಾಯುತ್ತಿದ್ದರು. ಇದರಲ್ಲಿ ಒಂದಿಷ್ಟೂ ನನಗೆ ಗೊತ್ತಿರಲಿಲ್ಲ. ಬೀಗರು ಮಧ್ಯಾಹ್ನದ ಮೇಲೆ ಬರುತ್ತಾರೆ ಎಂದೇ ನಾನು ತಿಳಿದಿದ್ದೆ.

ಪುಣೆಯ ಉತ್ತರ ಬಂದಾಗ ನಾನು ಕಾಲೇಜಿನ ಮೆಟ್ಟಿಲ ಮೇಲಿದ್ದೆ. ಒಂದೊಂದು ಹುಳುವಿನ ಡಿಎನ್‌ಎಯೂ ಸ್ವಚ್ಛವಾಗಿ ಓದಲು ಬಂದಿತ್ತು, ನನ್ನ ಅಳತೆಯ ಎರಡು ಗುಂಪುಗಳಿಗೆ ಸರಿಯಾಗಿ ಹೊಂದಿತ್ತು. ಸಣ್ಣ ಮಾವ ನಿರಪರಾಧಿ, ದೊಡ್ಡ ಮಾವ ಬೈಠಕ್ಕಿಗೆ ಬರುತ್ತಾರೆ, ಅಶ್ವಿನಿ ಸೀರೆ ಉಡುತ್ತಾಳೆ, ಇದೆಲ್ಲ ನನ್ನಿಂದ. ಪ್ರಶಾಂತನಿಗೆ ಫೋನು ಹಚ್ಚಿದೆ. ಗೋಡೆಯ ಆಚೆ ಇದ್ದ ತನ್ನ ಅಪ್ಪನಿಗೂ ಕೇಳಲಿ ಎಂದು ಅವನು ಸ್ಪೀಕರ್ ಹಾಕಿ, ಫೋನನ್ನು ಜಮಖಾನದ ನಡುವೆ ವೀಳ್ಯದ ತಟ್ಟೆಯ ಪಕ್ಕ ಇಟ್ಟ.

"ಪ್ರಶಾಂತ, ಖರೇ ಹೊರಗ ಬಿತ್ತು ನೋಡು," ಎಂದು ನಾನು ಶುರು ಮಾಡಿದೆ. "ದೊಡ್ಡ ಮಾವಾ, ಸಣ್ಣ ಮಾವಾ ನೋಡಾಕಷ್ಟ ಒಂದ ಥರಾ ಅದಾರ. ಜಾತಿನ ಬ್ಯಾರೆ. ಒಂದ ತಾಯಿ ಹೊಟ್ಯಾಗ ಹುಟ್ಟಿದವರಲ್ಲ. ಡಿಎನ್‌ಎ ಮಾಡ್ಸಿ ನೋಡೀನಿ. ಇನ್ನ ತಂದಿ ಅಂತೂ ಇಬ್ಬರಿಗೂ ಇಲ್ಲ, ಅದು ನಿನಗ ಗೊತ್ತ ಅದ."

ಕನ್ನಡದಲ್ಲಿ ಹುಳುಗಳು ಅದಾವ, ಮನುಷ್ಯರು ಅದಾರ. ಒಂದೇ ಅಕ್ಷರದ ಅಂತರ. ಹುಳುವಿನ ಹಿಂಬದಿಯ ಕೊಳವೆ ನೋಡಿ ಜಾತಿ ಹೇಳುವ ನನಗೆ, ನನ್ನದೇ ಮಾತಿನ ಹಿಂಬದಿಯಲ್ಲಿ ಕೂತಿದ್ದ ಆ ಅಕ್ಷರ ಕಾಣಲಿಲ್ಲ. ಅತ್ತ ಕಡೆ ಯಾರೋ ಅಪರಿಚಿತರು ದೀರ್ಘವಾಗಿ ಗಂಟಲು ಸರಿ ಮಾಡಿಕೊಂಡರು. ಅವರೇ ಗಂಡಿನ ತಂದೆ ಎಂದು ನನಗೆ ಮರುದಿನ ತಿಳಿಯಿತು. ಆಮೇಲೆ ಧಡಾರನೆ ಬಾಗಿಲಿನ ಸಪ್ಪಳ, ಆಮೇಲೆ ಎರಡು ಧ್ವನಿಗಳು ಒಟ್ಟಿಗೆ, ಆಮೇಲೆ ಫೋನು ಬಂದ್ ಆಯಿತು.

ಮುಂದಿನದನ್ನು ಸುನಂದಾ ಹೇಳಿದಂತೆ ಹೇಳುತ್ತೇನೆ. ನಡುವಿನ ಬಾಗಿಲಿನ ಆಚೆಯ ಅಗಳಿಯನ್ನು ದೊಡ್ಡ ಮಾವ ತೆಗೆದರು, ಈಚೆಯದನ್ನು ಸಣ್ಣ ಮಾವ ತೆಗೆದರು. ಇಬ್ಬರೂ ಏಕಕಾಲಕ್ಕೆ ಕೆಮ್ಮಿ, ಏಕಕಾಲಕ್ಕೆ ಟೊಪ್ಪಿಗೆ ಸರಿ ಮಾಡಿಕೊಂಡು, ನಮ್ಮವ್ವನ ಬಗ್ಗೆ ಹೀಗೆ ಮಾತನಾಡುವುದಕ್ಕೆ ಇವನು ಯಾರು ಎಂದು ಫೋನನ್ನು ಕೇಳಿದರು. ದೊಡ್ಡ ಮಾವ ತಮ್ಮನ ಹೆಗಲ ಮೇಲೆ ಕೈ ಹಾಕಿ ಬೀಗರ ಎದುರು ನಿಂತು, ನೋಡಿ, ಇವನು ನನ್ನ ಬೆನ್ನಿಗೆ ಬಿದ್ದವನು, ನಮ್ಮವ್ವನ ಎದೆಹಾಲು ನನ್ನ ಬಾಯಿಂದ ಬಿಡಿಸಿ ಕುಡಿದವನು, ನಮ್ಮಿಬ್ಬರ ಮೂಗು ನೋಡಿ ಎಂದರು. ಬಂದವರು ಮೂಗುಗಳನ್ನು ನೋಡಿ ಒಪ್ಪಿದರು. ಪ್ರಶಾಂತ ನಡುವೆ ಬಾಯಿ ಹಾಕಿ ಅದು ಹುಳುವಿನ ಮಾತು ಎಂದು ಹೇಳಲು ನೋಡಿದ. ಹಿರಿಯರು ಮಾತನಾಡುವಾಗ ಸುಮ್ಮನಿರು ಎಂದು ಇಬ್ಬರೂ ಗದರಿದರು. ಗಂಡಿನ ತಂದೆ, ಅಣ್ಣತಮ್ಮಂದಿರು ಇಷ್ಟು ಒಂದಾಗಿರುವ ಮನೆ ಈಗಿನ ಕಾಲದಲ್ಲಿ ಸಿಕ್ಕುವುದು ಕಷ್ಟ ಎಂದರಂತೆ. ಅಶ್ವಿನಿ ಸೀರೆ ಉಟ್ಟು ಬಂದು ಮೊದಲು ದೊಡ್ಡಪ್ಪನ ಕಾಲು ಮುಟ್ಟಿದಳು. ಅದೇ ಕೂತಲ್ಲಿ ಸಾಖರಪುಡಾದ, ಅಂದರೆ ನಿಶ್ಚಯದ ಮುಹೂರ್ತವೂ ಗೊತ್ತಾಯಿತು. ಒಂದು ವಿಷಯದಲ್ಲಿ ಮಾತ್ರ ಗಂಡಿನ ತಂದೆಗೆ ಕುತೂಹಲ ಉಳಿದಿತ್ತು: ಫೋನಿನಲ್ಲಿ ಮಾತನಾಡಿದವರು ಯಾವ ಕಡೆಯ ಸಂಬಂಧ, ಅವರಿಗೆ ಮೊದಲಿನಿಂದಲೂ ಹೀಗೆಯೇ?

ನಾನು ಕೆಲವು ದಿನ ಮೈಂದರ್ಗಿಯ ಫೋನುಗಳನ್ನು ತೆಗೆಯಲಿಲ್ಲ. ಒಂದು ರವಿವಾರ ಬೆಳ್ಳಂಬೆಳಿಗ್ಗೆ ಇಬ್ಬರೂ ಮಾವಂದಿರು ಹೇಳದೆ ಕೇಳದೆ ಸೊಲ್ಲಾಪುರದ ಮನೆಯ ಬಾಗಿಲಲ್ಲಿ ನಿಂತಿದ್ದರು. ಒಂದೇ ಸೋಫಾದ ಮೇಲೆ ಒತ್ತಿಕೊಂಡು ಕೂತರು, ನನ್ನನ್ನು ಎದುರಿನ ಸ್ಟೂಲಿನ ಮೇಲೆ ಕೂಡಿಸಿದರು. ಪ್ರಶಾಂತ ಅವರಿಗೆ ಅರ್ಧಂಬರ್ಧ ತಿಳಿಸಿ ಹೇಳಿದ್ದ. ಉಳಿದರ್ಧವನ್ನು ನನ್ನ ಬಾಯಿಂದ ಕೇಳಬೇಕಿತ್ತು. ನಾನು ಬಾಯಿಂದ ಹೇಳುವ ಸಾಹಸ ಮಾಡದೆ, ಕಾಲೇಜಿಗೆ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಎದುರು ಕೂಡಿಸಿದೆ. ಒಂದು ಪಟ್ಟಿಯಲ್ಲಿ ಜೋಳದ ಹುಳು, ಇನ್ನೊಂದರಲ್ಲಿ ಕಬ್ಬಿನ ಹುಳು. ಮೀಸೆಯ ತುದಿ ನೋಡಿ, ಹಿಂದಿನ ಕೊಳವೆ ನೋಡಿ ಎಂದು, ಪ್ರತಿ ವಾಕ್ಯದ ಕೊನೆಗೆ ಅದಾವ ಅದಾವ ಎಂದು ಒತ್ತಿ ಹೇಳುತ್ತ ತೋರಿಸಿದೆ. ದೊಡ್ಡ ಮಾವ ಮೊದಲು ನೋಡಿದರು. ಬಹಳ ಹೊತ್ತು ನೋಡಿದರು. ಹಳೆಯ ರೈತನ ಕಣ್ಣು, ಭೇದ ಅವರಿಗೆ ಕಂಡಿತು ಎಂಬುದು ಅವರ ಹಿಂದಲೆ ನೋಡಿಯೇ ನನಗೆ ಗೊತ್ತಾಯಿತು. ತಲೆ ಎತ್ತಿದಾಗ ಅವರ ಮುಖದಲ್ಲಿ ನೆತ್ತರೇ ಇರಲಿಲ್ಲ. ಇಡೀ ಹಂಗಾಮು ತಮ್ಮನನ್ನು ಬದುವಿನ ಮೇಲೆ ನಿಂತು ಬೈದದ್ದು, ಎಳ್ಳಮಾವಾಸ್ಯೆಯಲ್ಲಿ ಬೇರೆ ಉಂಡದ್ದು, ಆ ಹುಡುಗಿಯನ್ನು ಅಳಿಸಿದ್ದು ಎಲ್ಲ ಸುಳ್ಳಿನ ಮೇಲೆ ಎಂದು ಅವರಿಗೆ ತಿಳಿದಿತ್ತು. ಈಗ ಅವರು ತಮ್ಮನ ಎದುರು ಒಂದು ಮಾತು ಹೇಳಬೇಕಿತ್ತು. ಅಂಥ ಮಾತು ಆ ಬಾಯಿಂದ ಎಂದೂ ಹೊರಟಿರಲಿಲ್ಲ. ನೋಡುತ್ತ ನಿಂತ ನನಗೆ ನಿಜವಾಗಿ ಸಂಕಟವಾಯಿತು.

ಸಣ್ಣ ಮಾವ ಅಣ್ಣನ ಮುಖ ನೋಡಿದರು. ಆಮೇಲೆ ಬಗ್ಗಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಇಟ್ಟು, ಪಟ್ಟಿಗಳನ್ನು ಅದಲುಬದಲು ಮಾಡಿಸಿಕೊಂಡು ನೋಡಿ ಎದ್ದರು.

"ಎರಡೂ ಒಂದ ಅದಾವಲ್ಲೋ ಅಣ್ಣಾ," ಎಂದರು. "ನೀ ಹೇಳಿದ್ದ ಖರೇ. ನನ್ನ ಕಬ್ಬಿಂದನ ಬಂದಿರಬೇಕು."

ದೊಡ್ಡ ಮಾವ ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು.

"ಒಂದ ಅದಾವ, ಹೌದು," ಎಂದರು. "ಆದ್ರ ನಿನ್ನ ಕಬ್ಬಿಂದ ಅಲ್ಲ ಮಲ್ಲೂ. ನನ್ನ ಜೋಳದಿಂದ ನಿನ್ನ ಕಬ್ಬಿಗಿ ಹೋಗ್ಯಾವ."

ಇಬ್ಬರೂ ತಿರುಗಿ ನನ್ನ ಕಡೆ ನೋಡಿದರು. ಹೌದಲ್ರಿ ಅಳಿಯಾರ ಎಂದು ದೊಡ್ಡ ಮಾವ ಕೇಳಿದರು. ಆ ಎರಡು ಹುಳು ಬೇರೆ ಎಂದು ನನ್ನ ಅಳತೆ ಹೇಳುತ್ತಿತ್ತು, ಪುಣೆಯ ಡಿಎನ್‌ಎ ಹೇಳುತ್ತಿತ್ತು, ನಾನು ಆಗಲೇ ಅರ್ಧ ಬರೆದಿದ್ದ ಪ್ರಬಂಧವೂ ಹೇಳುತ್ತಿತ್ತು. ನಾನು ದೀಪ ಆರಿಸಿ, ಪಟ್ಟಿಗಳನ್ನು ಡಬ್ಬಿಯಲ್ಲಿ ಇಟ್ಟು, ಹೌದ್ರಿ, ಒಂದ ಅದಾವ ಎಂದೆ. ಇಷ್ಟು ವರ್ಷಗಳ ನೌಕರಿಯಲ್ಲಿ ನನ್ನ ಸಂಶೋಧನೆಯನ್ನು ಇಬ್ಬರು ಪರೀಕ್ಷಕರು ಕೂತಲ್ಲೇ, ಒಂದೂ ತಿದ್ದುಪಡಿ ಕೇಳದೆ ಒಪ್ಪಿಕೊಂಡದ್ದು ಅದೊಂದೇ ಸಲ. ಅದೂ ತಪ್ಪು ಉತ್ತರಕ್ಕೆ.